ಒಂದು ಹಿತ್ತಾಳೆಯ ಜೆಟ್ಟು

ಈ ಸಂಚಿಕೆಯ ಸಂಪಾದಕರೂ ನಮ್ಮ ಇತಿಹಾಸದ ಗುರುಗಳೂ ಆದವರು ನನ್ನಿಂದ ಮಸ್ಕಿಯ ಅಶೋಕನ ಶಾಸನವನ್ನು ಕುರಿತು ಒಂದು ಲೇಖನ ಕೇಳಿದ್ದರು. "ನೀನು ವಾರಕ್ಕೆರಡು ಸಲ ಮಸ್ಕಿಯ ರಸ್ತೆಯಲ್ಲಿ ಕಾಣುತ್ತೀಯಂತೆ. ಬಂಡೆಯ ಬಳಿ ಕುಳಿತು ಏನಾದರೂ ಬರೆದಿರಬೇಕು" ಎಂದರು. ನಾನು ಮಸ್ಕಿಯ ರಸ್ತೆಯಲ್ಲಿ ಕಂಡದ್ದು ನಿಜ. ಏನೋ ಬರೆಯುತ್ತಿದ್ದುದೂ ನಿಜವೆ. ಆದರೆ ಅದು ಶಾಸನದ ಪಾಠವಲ್ಲ. ಒಂದು ಹಳೆಯ ಮೋಟಾರು ಸೈಕಲ್ಲಿನ ಪ್ಲಗ್ಗಿನ ಬಣ್ಣ. ಕೊಟ್ಟ ಮಾತನ್ನು ಹೀಗೆ ಅರ್ಧ ಮಾತ್ರ ನಡೆಸಿದ್ದಕ್ಕೆ ಗುರುಗಳು ಕ್ಷಮಿಸಬೇಕು.

ಜೆಟ್ಟು ಎಂದೊಡನೆ ಕಲಾ ವಿಭಾಗದ ಮಿತ್ರರು ತಲೆಯೆತ್ತಿ ಆಕಾಶ ನೋಡುವರೆಂಬುದನ್ನು ಬಲ್ಲೆ. ನಾನು ಹೇಳುವ ಜೆಟ್ಟು ಹಾರುವುದಿಲ್ಲ. ಅದು ಕಾರ್ಬೊರೇಟರಿನ ತಳದಲ್ಲಿ ಪೆಟ್ರೋಲಿನಲ್ಲಿ ಮುಳುಗಿಕೊಂಡು ಕೂತಿರುವ, ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಹಿತ್ತಾಳೆಯ ತಿರುಪು. ನಡುವೆ ಒಂದು ಸಣ್ಣ ತೂತು, ತಲೆಯ ಮೇಲೆ ಒಂದು ಅಂಕಿ. ಇಷ್ಟೆ ಅದರ ಐಶ್ವರ್ಯ. ಈ ಅಂಕಿಯನ್ನು 120ರಿಂದ 110ಕ್ಕೆ ಇಳಿಸಿದವನು ನಾನು. ಅದರ ಬೆಲೆ ತೆತ್ತವರು ನಮ್ಮ ತಂದೆ.

ನಮ್ಮ ಮನೆಯಲ್ಲಿರುವುದು ಯಮಹಾ ಆರ್‌ಎಕ್ಸ್ 100. ಈ ಗಾಡಿ ನಮ್ಮ ದೇಶದಲ್ಲಿ 1985ರಲ್ಲಿ ಹೊರಬಂದು 1996ರಲ್ಲಿ ನಿಂತುಹೋಯಿತು. ಮೈಸೂರಿನಲ್ಲಿ ಜಾವಾ, ಯೆಜ್ಡಿಗಳನ್ನು ಕಟ್ಟುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಬಾಗಿಲು ಮುಚ್ಚಿದ್ದೂ ಅದೇ 1996ರಲ್ಲಿ. ಹೀಗೆ ಎರಡು ಸ್ಟ್ರೋಕಿನ ಈ ಗಾಡಿಗಳ ತಯಾರಿಕೆ ಎರಡು ಕಡೆ ಒಂದೇ ವರ್ಷ ನಿಂತಿತು. ಆದರೆ ಸಿಂಧನೂರಿನ ಕಡೆ ಈ ಸುದ್ದಿ ಇನ್ನೂ ತಲುಪಿಲ್ಲವೆಂದು ತೋರುತ್ತದೆ. ನಮ್ಮ ಕಾಲುವೆಯ ಏರಿಗಳ ಮೇಲೆ, ಕ್ಯಾಂಪುಗಳ ದಾರಿಯಲ್ಲಿ, ಹಿಂದೆ ರಸಗೊಬ್ಬರದ ಚೀಲ, ಮುಂದೆ ಹಾಲಿನ ಕ್ಯಾನು ಹೊತ್ತು ಅವು ಇಂದಿಗೂ ಓಡುತ್ತಲೇ ಇವೆ. 98 ಸಿ.ಸಿ., 11 ಅಶ್ವಶಕ್ತಿ. ಈ ಕಾಲದ ಹುಡುಗರ ಗಾಡಿಗಳ ಮುಂದೆ ಇದು ಲೆಕ್ಕಕ್ಕಿಲ್ಲ. ಆದರೆ ಮೈ ಹಗುರ. ಆಕ್ಸಿಲೇಟರು ತಿರುವಿದೊಡನೆ ಅದು ಏಳುವ ರೀತಿಯನ್ನು ಒಮ್ಮೆ ಕಂಡವರು ಮತ್ತೆ ಮರೆಯುವುದಿಲ್ಲ.

ನಾನು ಮರೆಯಲಿಲ್ಲ. ಅದೇ ತಪ್ಪಾಯಿತು.

ಲಿಂಗಸುಗೂರಿನಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ಒಂದು ಕಾಲಕ್ಕೆ ಇಂಗ್ಲಿಷರ ದಂಡು ಬೀಡುಬಿಟ್ಟಿದ್ದ ಛಾವಣಿಯ ಕಡೆಯವನಾದ್ದರಿಂದಲೋ ಏನೋ, ಅವನಿಗೆ ಪಂಥವೆಂದರೆ ಪ್ರಾಣ. ಅವನ 135ರ ಗಾಡಿಯ ಧೂಳನ್ನು ನಾನು ಎರಡು ಸಲ ಕುಡಿದೆ. ಮೂರನೆಯ ಸಲ ಕುಡಿಯಬಾರದೆಂದು ನಿಶ್ಚಯಿಸಿ, ತಂದೆ ಜಾತ್ರೆಗೆ ಹೋಗಿದ್ದ ಮೂರು ದಿನಗಳಲ್ಲಿ ಗಾಡಿಯನ್ನು ಉಸ್ತಾದರ ಅಂಗಡಿಗೆ ತಳ್ಳಿಕೊಂಡು ಹೋದೆ. ಸಿಂಧನೂರಿನಲ್ಲಿ ಟ್ರ್ಯಾಕ್ಟರು, ಭತ್ತ ಕೊಯ್ಯುವ ಮಿಷನ್ನುಗಳಿಂದ ಬದುಕುವ ಲೇತು ಅಂಗಡಿಗಳ ಸಾಲಿನ ಕೊನೆಗೆ ಅವರದೊಂದು ತಗಡಿನ ಚಪ್ಪರ. ನನ್ನ ಬೇಡಿಕೆ ಕೇಳಿ ಅವರು ಬಹಳ ಹೊತ್ತು ಬೀಡಿ ಸೇದಿದರು. ಆಮೇಲೆ ಬ್ಲಾಕು ಬಿಚ್ಚಿ ಹೊಗೆ ಹೋಗುವ ದಾರಿಯನ್ನು ಅರದಿಂದ ಉಜ್ಜಿ ತುಸು ಎತ್ತರಿಸಿದರು; ಗಾಳಿಯ ಡಬ್ಬಿಯ ಬಾಯಿ ಅಗಲ ಮಾಡಿದರು; ಸೈಲೆನ್ಸರಿನ ಒಳಗಿನ ನಳಿಗೆಯನ್ನು ಕತ್ತರಿಸಿ ಹೊರಗಿನಿಂದ ಏನೂ ಕಾಣದಂತೆ ಮುಚ್ಚಿದರು. ಕೊನೆಗೆ ಕಾರ್ಬೊರೇಟರಿನ ಹಳೆಯ ಜೆಟ್ಟು ತೆಗೆದು 120 ಹಾಕಿದರು.

"ತಮ್ಮಾ, ಇದನ್ನ ತಗೀಬ್ಯಾಡ" ಎಂದರು. "ಗಾಡಿ ಒಂದೀಟು ಹೊಗಿ ಉಗುಳತೈತಿ, ಉಗುಳಲಿ. ಮ್ಯಾಲ ಒಂದೀಟು ಗೊರ ಗೊರ ಅಂತೈತಿ, ಅನಲಿ. ಹೊಗಿ ಬಿಡೋ ಗಾಡಿ ಮನಿಗೆ ಬರತೈತಿ."

ಇಲ್ಲಿ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರ್ಬೊರೇಟರನ್ನು ಅರ್ಥಮಾಡಿಕೊಳ್ಳಲು ನಮ್ಮೂರಿನವರಿಗೆ ಪುಸ್ತಕ ಬೇಡ. ತುಂಗಭದ್ರಾ ಎಡದಂಡೆಯ ಕಾಲುವೆಯನ್ನು ಕಂಡಿದ್ದರೆ ಸಾಕು. ಇಂಜಿನು ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿ ಇಕ್ಕಟ್ಟಾದ ಕೊರಳಿನಲ್ಲಿ ಹಾಯುವಾಗ ಕೆಳಗಿನ ಬಟ್ಟಲಿನಿಂದ ಪೆಟ್ರೋಲನ್ನು ಹೀರಿ ಜತೆಗೆ ಒಯ್ಯುತ್ತದೆ. ಗಾಡಿ ನಿಂತಲ್ಲೇ ಗುರುಗುಡುತ್ತಿರುವಾಗ ಪೆಟ್ರೋಲು ಬರುವುದು ಪೈಲಟ್ ಜೆಟ್ಟು ಎಂಬ ಸಣ್ಣ ತೂಬಿನಿಂದ. ಆಕ್ಸಿಲೇಟರನ್ನು ಕಾಲು ಭಾಗ ದಾಟಿಸಿದಾಗ ಒಂದು ಮೊನಚಾದ ಸೂಜಿ ಮೇಲೇಳುತ್ತ ದಾರಿ ಬಿಡುತ್ತದೆ. ಅದು ಗೇಟು ಎತ್ತಿದ ಹಾಗೆ. ಸೂಜಿಯ ತಲೆಯಲ್ಲಿ ಗೀರುಗಳಿವೆ. ಕ್ಲಿಪ್ಪನ್ನು ಕೆಳಗಿನ ಗೀರಿಗೆ ಹಾಕಿದರೆ ಸೂಜಿ ಮೇಲೆ ಕೂಡುತ್ತದೆ, ಪೆಟ್ರೋಲು ಹೆಚ್ಚು. ಮೇಲಿನ ಗೀರಿಗೆ ಹಾಕಿದರೆ ಕಡಿಮೆ. ಮುಕ್ಕಾಲು ಭಾಗವನ್ನೂ ದಾಟಿ ಪೂರ್ತಿ ತಿರುವಿದಾಗ ಸೂಜಿಯ ಮಾತು ಮುಗಿಯಿತು. ಆಗ ಇಂಜಿನಿಗೆ ಎಷ್ಟು ದಕ್ಕಬೇಕೆಂಬುದನ್ನು ತೀರ್ಮಾನಿಸುವುದು ತಳದಲ್ಲಿರುವ ಮೇನ್ ಜೆಟ್ಟಿನ ತೂತು ಮಾತ್ರ. ಅಂದರೆ ಪೂರ್ತಿ ವೇಗದಲ್ಲಿರುವ ಇಂಜಿನು ಕಾಲುವೆಯ ಕೊನೆಯಂಚಿನ ರೈತನಿದ್ದಂತೆ. ಮೇಲಿನವರೆಲ್ಲ ಸುಖವಾಗಿದ್ದರೂ ಅವನ ಗದ್ದೆ ಒಣಗಬಹುದು.

ಎರಡು ಸ್ಟ್ರೋಕಿನ ಇಂಜಿನಿಗೆ ಈ ಒಣಗುವಿಕೆ ಬಹಳ ಕೆಟ್ಟದ್ದು. ಅದಕ್ಕೆ ಪೆಟ್ರೋಲು ಬರಿ ಉರಿಯುವ ವಸ್ತುವಲ್ಲ. ಒಳಗೆ ಆವಿಯಾಗುತ್ತ ಪಿಸ್ಟನ್ನಿನ ನೆತ್ತಿಯನ್ನು ತಣ್ಣಗಿಡುವುದೂ ಅದೇ. ನಮ್ಮ ಗಾಡಿಯಲ್ಲಿ ಆಯಿಲ್ ಪಂಪು ಎಂದೋ ಕೆಟ್ಟು ಅದನ್ನು ಕಳಚಿದ್ದರಿಂದ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಹಾಕುವ ವಾಡಿಕೆ. ಆದಕಾರಣ ಜೆಟ್ಟು ಸಣ್ಣದಾದರೆ ಪೆಟ್ರೋಲು ಕಡಿಮೆ. ಅದರೊಡನೆ ತಂಪು ಕಡಿಮೆ, ಎಣ್ಣೆಯೂ ಕಡಿಮೆ. ಮೂರು ಕೇಡುಗಳು ಒಂದೇ ತೂತಿನಲ್ಲಿ ಬರುತ್ತವೆ.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲವೆಂದು ಹೇಳಿ ಪಾರಾಗಬಹುದಿತ್ತು. ಮುಕ್ಕಾಲು ಪಾಲು ಗೊತ್ತಿತ್ತು. ಗೊತ್ತಿದ್ದೂ ಮೇ ತಿಂಗಳಲ್ಲಿ ಆ ಗೊರ ಗೊರವನ್ನು ಸಹಿಸಲಾರದೆ ಹೋದೆ. ಪೂರ್ತಿ ತಿರುವಿದಾಗ ಗಾಡಿ ಗಂಟಲಲ್ಲಿ ಕಫ ಕಟ್ಟಿದವನ ಹಾಗೆ ತೊದಲುತ್ತಿತ್ತು. ಪೆಟ್ರೋಲು ಹೆಚ್ಚಾದದ್ದರ ಗುರುತು ಅದು. ಅಂಗಡಿಗೆ ಹೋಗಿ 110ರ ಜೆಟ್ಟು ತಂದು ನಾನೇ ಹಾಕಿದೆ. ಮಧ್ಯಾಹ್ನ ಎರಡು ಗಂಟೆ. 42 ಡಿಗ್ರಿಯ ಬಿಸಿಲು. ಮಸ್ಕಿಯ ರಸ್ತೆಯಲ್ಲಿ ನಾಯಿಯೂ ಇಲ್ಲ. ಆಹಾ! ಆ ದಿನದ ಓಟವನ್ನು ಏನೆಂದು ವರ್ಣಿಸಲಿ? ಸೀಳಿದ ರೇಷ್ಮೆಯ ಹಾಗೆ ಸದ್ದು. ಲಿಂಗಸುಗೂರಿನ ಗೆಳೆಯ ಆ ವಾರ ಮೊದಲ ಬಾರಿಗೆ ನನ್ನ ಹೊಗೆ ಕುಡಿದ.

ಮರಳಿ ಬರುವಾಗ ಮಸ್ಕಿಯಲ್ಲಿ ನಿಂತು ಪ್ಲಗ್ಗು ಬಿಚ್ಚಿ ನೋಡಿದೆ. ಸರಿಯಾದ ಮಿಶ್ರಣವಿದ್ದರೆ ಒಳಗಿನ ಪಿಂಗಾಣಿ ಹುರಿಗಡಲೆಯ ಹೊಟ್ಟಿನ ಬಣ್ಣಕ್ಕಿರಬೇಕು. ಪೆಟ್ರೋಲು ಹೆಚ್ಚಾದರೆ ಕಪ್ಪು ಮಸಿ, ಕಡಿಮೆಯಾದರೆ ಬಿಳುಪು. ನನ್ನದು ಬೂದಿ ಬೆರೆತ ಬಿಳುಪಿಗಿತ್ತು. "ಎಷ್ಟು ಶುಭ್ರವಾಗಿದೆ!" ಎಂದುಕೊಂಡೆ. ಇತಿಹಾಸದ ವಿದ್ಯಾರ್ಥಿಗೆ ಬರಬಾರದ ಬುದ್ಧಿ ಅದು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರರು ಚಿನ್ನ ಹುಡುಕುತ್ತ ಬಂದು, ಅಲ್ಲಿಂದ ಕೂಗಳತೆಯ ಬಂಡೆಯಲ್ಲಿ ಅಶೋಕನ ಹೆಸರಿದ್ದ ಶಾಸನವನ್ನು ಕಂಡರು. ಅಲ್ಲಿಯವರೆಗೆ ದೇಶದ ನಾನಾ ಕಡೆಯ ಬಂಡೆಗಳಲ್ಲಿ "ದೇವಾನಾಂಪ್ರಿಯ" ಎಂದು ಕರೆದುಕೊಂಡವನು ಯಾರೆಂಬ ಸಂದೇಹಕ್ಕೆ ಆ ಒಂದು ಹೆಸರು ತೆರೆ ಎಳೆಯಿತು. ಚಿನ್ನ ಹುಡುಕುತ್ತ ಬಂದವರು ಕಲ್ಲಿನ ಮೇಲೆ ಕಂಡ ಬರಹವನ್ನು ಕಡೆಗಣಿಸಲಿಲ್ಲ. ನಾನೋ, ಅದೇ ಊರಿನಲ್ಲಿ ನಿಂತು, ಕೈಯಲ್ಲಿದ್ದ ಸ್ಪಷ್ಟವಾದ ಬರಹವನ್ನು ತಲೆಕೆಳಗಾಗಿ ಓದಿದೆ.

ತಂದೆ ಜಾತ್ರೆಯಿಂದ ಬಂದ ದಿನವೇ ಕೇಳಿದ್ದರು: "ಯಾಕಪಾ, ಸದ್ದು ಬ್ಯಾರೇನ ಬರಾಕತ್ತೈತಿ?" ಸೈಲೆನ್ಸರಿನ ಮಸಿ ತೆಗೆಸಿದೆನೆಂದು ಹೇಳಿದೆ. ಅವರು ಸುಮ್ಮನಾದರು. ಅವರ ಸವಾರಿ ಯಾವಾಗಲೂ ಅರ್ಧ ಆಕ್ಸಿಲೇಟರಿನದು. ಸೂಜಿಯ ಮೇಲಿನ ಸವಾರಿ. ಜೆಟ್ಟಿನವರೆಗೆ ಅವರು ಇಳಿಯುತ್ತಲೇ ಇರಲಿಲ್ಲ. ಆದ್ದರಿಂದ ಮುಂಗಾರು ಕಳೆಯಿತು, ಹಿಂಗಾರು ಬಂತು, ಗಾಡಿ ಓಡಿಕೊಂಡೇ ಇತ್ತು. ನಾನು ನನ್ನ ಜಾಣತನವನ್ನು ಮರೆತೂ ಬಿಟ್ಟೆ.

ಡಿಸೆಂಬರಿನ ಒಂದು ಬೆಳಗಿನ ಜಾವ. ಲಿಂಗಸುಗೂರಿನಲ್ಲಿ ನಮ್ಮ ಸೋದರತ್ತೆಯ ಕಣ್ಣಿನ ಶಸ್ತ್ರಕ್ರಿಯೆ ಇತ್ತು. ಎಂಟು ಗಂಟೆಗೆ ಅಣ್ಣ ಬಂದು ಬಳಿಯಲ್ಲಿ ನಿಲ್ಲದೆ ಒಳಗೆ ಹೋಗುವುದಿಲ್ಲವೆಂದು ಆಕೆ ಹಟ ಹಿಡಿದಿದ್ದರು. ತಂದೆ ಹೊರಡುವಾಗ ತಡವಾಯಿತು. ನನಗೆ ಎಚ್ಚರವಿತ್ತು, ಕಂಬಳಿಯೊಳಗಿನಿಂದಲೇ ಗಾಡಿ ಹೊರಟ ಸದ್ದು ಕೇಳಿದೆ. ಕಾಲುವೆಯ ಸೇತುವೆ ದಾಟಿದ ಮೇಲೆ ಅವರು ಎಂದೂ ಮಾಡದಷ್ಟು ಆಕ್ಸಿಲೇಟರು ತಿರುವಿದ್ದು ಸದ್ದಿನಿಂದಲೇ ತಿಳಿಯಿತು. ಚಳಿಯ ಗಾಳಿಯಲ್ಲಿ ಅದು ಬಹಳ ಇಂಪಾಗಿ ಕೇಳಿಸಿತು. ಏಳಬೇಕೆಂದು ನನಗೆ ಹೊಳೆಯಲಿಲ್ಲ.

ಮಸ್ಕಿ ಇನ್ನೂ ಐದಾರು ಮೈಲಿ ಇರುವಾಗ ಇಂಜಿನು ಹಿಡಿಯಿತು. ಪಿಸ್ಟನ್ನು ಕಾದು ಉಬ್ಬಿ ಬ್ಲಾಕಿಗೆ ಕಚ್ಚಿಕೊಂಡಾಗ ಹಿಂದಿನ ಗಾಲಿಯೂ ಅದರೊಡನೆ ನಿಂತುಬಿಡುತ್ತದೆ. ಕ್ಲಚ್ಚು ಹಿಡಿಯಬೇಕೆಂಬುದು ನನ್ನಂಥ ಪಂಥದ ಹುಡುಗರಿಗೆ ಗೊತ್ತು. ಮೂವತ್ತು ವರ್ಷ ನೆಮ್ಮದಿಯಿಂದ ಗಾಡಿ ಓಡಿಸಿದವರಿಗೆ ಅದೇಕೆ ಹೊಳೆದೀತು? ಗಾಡಿ ಅಡ್ಡಡ್ಡ ಸರಿಯಿತು. ಪುಣ್ಯಕ್ಕೆ ಅದು ಸುಗ್ಗಿಯ ಕಾಲ. ಯಾರೋ ರಸ್ತೆಯಂಚಿಗೆ ಭತ್ತ ಒಣಹಾಕಿ ರಾತ್ರಿ ಗುಡ್ಡೆ ಮಾಡಿ ಮುಚ್ಚಿದ್ದರು. ತಂದೆ ಬಿದ್ದದ್ದು ಅದರ ಮೇಲೆ. ರಸ್ತೆಯ ಮೇಲೆ ಭತ್ತ ಹಾಕುವವರನ್ನು ಪತ್ರಿಕೆಗಳಲ್ಲಿ ಬೈದು ಬರೆಯುತ್ತಾರೆ. ನನಗೆ ಇನ್ನು ಬೈಯಲು ಬಾಯಿ ಬರುವುದಿಲ್ಲ. ಬಲಗೈಯ ಮಣಿಕಟ್ಟು ಮುರಿದಿತ್ತು, ಹೆಗಲು ತರಚಿತ್ತು. ಅಷ್ಟಕ್ಕೇ ಉಳಿಯಿತು.

ಸೋದರತ್ತೆಯ ಶಸ್ತ್ರಕ್ರಿಯೆ ಒಂದು ವಾರ ಮುಂದೆ ಹೋಯಿತು. ನಮ್ಮ ಭತ್ತ ಕಣದಲ್ಲಿತ್ತು. ಅದನ್ನು ಹರವಿ, ಕೆದರಿ, ಗುಡ್ಡೆ ಮಾಡಿ, ಚೀಲ ತುಂಬುವ ಕೆಲಸ ನನಗೆ ಬಂತು. ಅದರ ವರ್ಣನೆ ಬೇಡ. ಹೊಟ್ಟಿನ ನವೆ ಕುತ್ತಿಗೆಯಿಂದ ಹೋಗಲು ನಾಲ್ಕು ದಿನ ಬೇಕೆಂದಷ್ಟೇ ಹೇಳುತ್ತೇನೆ. ತಂದೆ ಪಟ್ಟಿ ಕಟ್ಟಿದ ಕೈಯನ್ನು ಎದೆಗಿಟ್ಟುಕೊಂಡು ಹೊರಸಿನ ಮೇಲೆ ಕೂತು ನೋಡುತ್ತಿದ್ದರು. ನೋಡಲು ಬಂದವರಿಗೆಲ್ಲ ಒಂದೇ ಮಾತು: "ಗಾಡೀದೇನ ತಪ್ಪಿಲ್ಲರೀ. ಮುದುಕ ಆಗೇತಿ, ಪಾಪ."

ಆ "ಪಾಪ" ನನ್ನನ್ನು ಚುಚ್ಚಿತು. ಆದರೂ ಹದಿನೈದು ದಿನ ಬಾಯಿ ಬಿಡಲಿಲ್ಲ.

ಬೆಂಗಳೂರಿನ ಕಡೆಯ ಶೋಕಿಯವರು ಈ ಹಳೆಯ ಗಾಡಿಗಳಿಗೆ ಈಗ ಹೊಸ ಗಾಡಿಯ ಬೆಲೆ ಕೊಡುತ್ತಾರೆ. ಸುದ್ದಿ ತಿಳಿದು ಒಬ್ಬ ದಲಾಲಿ ಮನೆಗೇ ಬಂದ. ಕೆಟ್ಟು ನಿಂತಿದ್ದರೂ ಪರವಾಗಿಲ್ಲ, ಕಾಗದಪತ್ರ ಸರಿಯಿದ್ದರೆ ಸಾಕೆಂದ. ತಂದೆ ನನ್ನ ಕಡೆ ತಿರುಗಿ, "ಕೊಟ್ಟುಬಿಡೂಣೇನು? ಇನ್ನ ಇದರ ಮ್ಯಾಲ ನಂಬಿಗಿ ಇಡಾಕ ಆಗೂದಿಲ್ಲ" ಎಂದರು. ಒಳಗೆ ಅವ್ವ ಚಹಾ ಸೋಸುತ್ತಿದ್ದಳು. ಗಾಡಿ ಮಾರಿಹೋದರೆ ನನ್ನ 110ರ ಜೆಟ್ಟೂ ಅದರ ಹೊಟ್ಟೆಯಲ್ಲೇ ಬೆಂಗಳೂರಿಗೆ ಹೋಗುತ್ತಿತ್ತು. ಯಾರಿಗೂ ಎಂದಿಗೂ ತಿಳಿಯುತ್ತಿರಲಿಲ್ಲ.

"ಅಪ್ಪಾ, ಅದು ಕೆಟ್ಟಿದ್ದಲ್ಲ. ನಾನ ಕೆಡಿಸಿದ್ದು" ಎಂದೆ. ದಲಾಲಿಯ ಮುಂದೆಯೇ ಎಲ್ಲವನ್ನೂ ಹೇಳಿದೆ: ಅರ, ಸೈಲೆನ್ಸರು, ಮಸಿಯ ಸುಳ್ಳು, ಜೆಟ್ಟು.

ತಂದೆ ಬಹಳ ಹೊತ್ತು ಗಾಡಿಯನ್ನು ನೋಡಿದರು. ಆಮೇಲೆ ಕೇಳಿದರು: "ಎಷ್ಟರ ಜೆಟ್ ಹಾಕಿದ್ದಿ?"

ಅವರಿಗೆ ಜೆಟ್ಟುಗಳ ಅಂಕಿ ಗೊತ್ತಿದೆಯೆಂಬುದೇ ನನಗೆ ಗೊತ್ತಿರಲಿಲ್ಲ.

"ನೂರಾ ಹತ್ತು."

"ಹೂಂ. ಬ್ಯಾಸಗ್ಯಾಗ ಚಲೋ ಓಡಿರಬೇಕು."

ಬೈಗಳನ್ನು ನಿರೀಕ್ಷಿಸಿದ್ದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇರಲಿಲ್ಲ. ದಲಾಲಿಯನ್ನು ಚಹಾ ಕುಡಿಸಿ ಕಳುಹಿಸಿದರು. "ಕೆಡಿಸಿದವ ಸರಿ ಮಾಡ್ಲಿ, ಆಮ್ಯಾಗ ನೋಡೂಣು" ಎಂದು ಅವ್ವನಿಗೆ ಹೇಳಿದ್ದು ನನಗೆ ಕೇಳಿಸಿತು.

ಉಸ್ತಾದರು ಬ್ಲಾಕು ಬಿಚ್ಚಿದಾಗ ಹೊಗೆಯ ದಾರಿಯ ಕಡೆಗೆ ಪಿಸ್ಟನ್ನಿನ ಅಲ್ಯುಮಿನಿಯಂ ಕರಗಿ ಗೀರುಗೀರಾಗಿ ಮೆತ್ತಿಕೊಂಡಿತ್ತು. 110 ಎಂದು ಕೊರೆದಿದ್ದ ಜೆಟ್ಟನ್ನು ಅಂಗೈಯಲ್ಲಿಟ್ಟು ನೋಡಿದರು. ಬೈಯಲಿಲ್ಲ, ಬೀಡಿಯನ್ನೂ ಹಚ್ಚಲಿಲ್ಲ. ಕಾರ್ಖಾನೆಯಲ್ಲಿ 50 ಮಿಲಿಮೀಟರು ಅಗಲವಿದ್ದ ಬ್ಲಾಕು ಬೋರಾಗಿ 50.50 ಆಯಿತು. ಹೊಸ ಪಿಸ್ಟನ್ನು, ರಿಂಗು, ಪಿನ್ನು. ನನ್ನ ವಿದ್ಯಾರ್ಥಿವೇತನ ಅಲ್ಲಿಗೆ ಮುಗಿಯಿತು.

ಬೇಸಿಗೆಯಲ್ಲಿ ಅಷ್ಟು ಚೆನ್ನಾಗಿ ಓಡಿದ್ದು ಚಳಿಯಲ್ಲಿ ಯಾಕೆ ಹಿಡಿಯಿತು? ಚಳಿಯಲ್ಲಿ ಇಂಜಿನು ತಣ್ಣಗಿರಬೇಕಲ್ಲವೆ? ವಿಜ್ಞಾನ ಓದುವ ನನ್ನ ಸೋದರಮಾವನ ಮಗ ಇದನ್ನು ಚಹಾದ ಅಂಗಡಿಯಲ್ಲಿ ಬಿಡಿಸಿದ. ಗಾಳಿ ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಲೆಕ್ಕಕ್ಕೆ ಎರಡೂ ಕಡೆ 273 ಕೂಡಿಸಬೇಕು: ಮೇ ತಿಂಗಳ 42 ಎಂದರೆ 315, ಡಿಸೆಂಬರ್ ಬೆಳಗಿನ 15 ಎಂದರೆ 288. ಭಾಗಿಸಿದರೆ, ಒಂದೇ ಗುಟುಕಿನಲ್ಲಿ ಚಳಿಯ ಗಾಳಿ ನೂರಕ್ಕೆ ಒಂಬತ್ತರಷ್ಟು ಹೆಚ್ಚು ತೂಗುತ್ತದೆ. ಅಷ್ಟಕ್ಕೆ ತಕ್ಕ ಹಾಗೆ ಪೆಟ್ರೋಲೂ ಹೆಚ್ಚಬೇಕು. ತೂಕದ ಗಾಳಿ ತುಸು ಹೆಚ್ಚಾಗಿ ಹೀರುವುದರಿಂದ ಕಾರ್ಬೊರೇಟರು ತಾನಾಗಿಯೇ ಅದರಲ್ಲಿ ಅರ್ಧದಷ್ಟನ್ನು ಕೊಡುತ್ತದೆ. ಉಳಿದರ್ಧ, ನೂರಕ್ಕೆ ನಾಲ್ಕೂವರೆ, ಬಾಕಿ. ಮಿಕುನಿ ನಮೂನೆಯ ಆರು ಮೂಲೆಯ ತಲೆಯ ಜೆಟ್ಟುಗಳ ಮೇಲಿರುವುದು ಹರಿವಿನ ಅಂಕಿಯಾದ್ದರಿಂದ 110ಕ್ಕೆ ಅಷ್ಟನ್ನು ಕೂಡಿಸಿದರೆ 115. "ಮೇ ತಿಂಗಳಲ್ಲೇ ಪ್ಲಗ್ಗು ಬಿಳುಚಿತ್ತು ಅಂತೀಯ. ಆದ್ದರಿಂದ 115ಕ್ಕೂ ಒಂದು ಮೆಟ್ಟಿಲು ಮೇಲಿರಬೇಕು" ಎಂದ. ಅದಕ್ಕೆ ಇನ್ನೊಂದು ಸಂಗತಿಯನ್ನು ನಾನೇ ಸೇರಿಸಿದೆ. 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಐದನೆಯ ಒಂದು ಪಾಲು ಎಥನಾಲು ಬಂದಿದೆ. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಸೇರಿರುವುದರಿಂದ ಅಷ್ಟೇ ಗಾಳಿಗೆ ಅದು ಹೆಚ್ಚು ಬೇಕು. ಆ ಗಾಡಿ ಹುಟ್ಟಿದ ಕಾಲದಲ್ಲಿ ಈ ಲೆಕ್ಕವೇ ಇರಲಿಲ್ಲ.

115ಕ್ಕಿಂತ ಒಂದು ಮೆಟ್ಟಿಲು ಮೇಲೆ. ಚಹಾದ ಅಂಗಡಿಯ ಆ ಕಾಗದದ ಮೇಲೆ ನಾವಿಬ್ಬರೂ ಗುಣಾಕಾರ ಭಾಗಾಕಾರ ಮಾಡಿ ತಲುಪಿದ್ದು ಉಸ್ತಾದರು ಫೆಬ್ರವರಿಯಲ್ಲೇ ಬೀಡಿ ಸೇದುತ್ತ ಹಾಕಿಕೊಟ್ಟಿದ್ದ 120ಕ್ಕೆ.

ಆದರೂ ಈ ಸಲ ಅಂಕಿಯನ್ನು ನಂಬಬಾರದೆಂದು ಅವರೇ ಹೇಳಿದರು. ಅಂಗಡಿಯ ಜೆಟ್ಟುಗಳಲ್ಲಿ ಕೆಲವನ್ನು ಯಾರೋ ತಂತಿ ಹಾಕಿ ಕೆದಕಿರುತ್ತಾರೆ; ಮೇಲೆ ಬರೆದದ್ದು ಒಂದು, ಹರಿಯುವುದು ಇನ್ನೊಂದು. ಸಿಂಧನೂರಿನಲ್ಲಿ ಒಳ್ಳೆಯ 115, 125 ಸಿಗಲಿಲ್ಲ. ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದೆ. ಪಕ್ಕದ ಹಟ್ಟಿಯಲ್ಲಿ ಟನ್ನುಗಟ್ಟಲೆ ಕಲ್ಲು ಅರೆದು ಗ್ರಾಮಿನ ಲೆಕ್ಕದಲ್ಲಿ ಚಿನ್ನ ತೆಗೆಯುತ್ತಾರೆ. ನಾನು ಮೂರು ಅಂಗಡಿಗಳ ಡಬ್ಬಿಗಳನ್ನು ಅರೆದು ಎರಡು ಚೂರು ಹಿತ್ತಾಳೆ ತೆಗೆದೆ. ದಾರಿಯಲ್ಲಿ ಸೋದರತ್ತೆಯನ್ನೂ ನೋಡಿ ಬಂದೆ. ಕಣ್ಣು ಸ್ವಚ್ಛವಾಗಿ ಕಾಣುತ್ತಿತ್ತಂತೆ. ನನ್ನನ್ನು ದಿಟ್ಟಿಸಿ, "ಸೊರಗೀಯಲ್ಲೋ" ಎಂದರು.

ಹೊಸ ಪಿಸ್ಟನ್ನು ಪಳಗುವವರೆಗೆ ಮೂರು ವಾರ ಮೆಲ್ಲನೆ ಓಡಿಸಿ, ಜನವರಿಯಲ್ಲಿ ಪರೀಕ್ಷೆಗೆ ತೊಡಗಿದೆ. ಉಸ್ತಾದರ ಕಟ್ಟಳೆ ಎರಡು: ಅತಿ ತಣ್ಣನೆಯ ಹೊತ್ತಿನಲ್ಲಿ ನೋಡಬೇಕು, ದೊಡ್ಡ ಜೆಟ್ಟಿನಿಂದ ಕೆಳಗಿಳಿಯಬೇಕೇ ಹೊರತು ಸಣ್ಣದರಿಂದ ಮೇಲೇರಬಾರದು. ಬೆಳಗಿನ ಆರಕ್ಕೆ ಮಸ್ಕಿಯ ರಸ್ತೆ. ನಾಲ್ಕನೆಯ ಗೇರಿನಲ್ಲಿ ಪೂರ್ತಿ ತಿರುವಿ ಒಂದು ನಿಮಿಷ ಓಡಿಸಿ, ಒಮ್ಮೆಗೇ ಕ್ಲಚ್ಚು ಹಿಡಿದು ಕೀಲಿ ತಿರುಗಿಸಿ ಇಂಜಿನು ಆರಿಸಬೇಕು. ಹಾಗೇ ಉರುಳುತ್ತ ನಿಂತು ಪ್ಲಗ್ಗು ಬಿಚ್ಚಬೇಕು. ಮೆಲ್ಲನೆ ಓಡಿಸಿಕೊಂಡು ಬಂದು ಬಿಚ್ಚಿದರೆ ಬರಹ ಅಳಿಸಿಹೋಗುತ್ತದೆ. 125ರಲ್ಲಿ ಮಸಿ, ತೊದಲು. 120ರಲ್ಲಿ, ಪಿಂಗಾಣಿಯ ಬುಡದಲ್ಲಿ ಹುರಿಗಡಲೆಯ ಹೊಟ್ಟಿನ ತೆಳುವಾದ ಉಂಗುರ, ತೊದಲು ಅತ್ಯಲ್ಪ. 115ನ್ನು ಹಾಕಿ ನೋಡಲೇ ಇಲ್ಲ. ಅದು ಈಗಲೂ ನನ್ನ ಕಂಪಾಸು ಪೆಟ್ಟಿಗೆಯಲ್ಲಿದೆ. ಸೂಜಿಯ ಕ್ಲಿಪ್ಪು ನಡುವಿನ ಗೀರಿಗೆ, ಗಾಳಿಯ ತಿರುಪು ಒಂದೂವರೆ ಸುತ್ತು. ಗುರುಗಳು ಕೇಳಿದ ನೋಟುಬುಕ್ಕಿನಲ್ಲಿ ಇದ್ದದ್ದು ಇದೇ.

ಫೆಬ್ರವರಿಯ ಮೊದಲ ವಾರ ತಂದೆಯ ಕೈಯ ಪಟ್ಟಿ ಬಿಚ್ಚಿದರು. ಮರುದಿನ ಇನ್ನೂ ಬೆಳಕು ಹರಿಯುವ ಮೊದಲೇ ಎದ್ದು ಗಾಡಿಯ ಬಳಿ ಹೋಗಿ ನಿಂತರು. ನಾನು ಈ ಸಲ ಕಂಬಳಿ ಸರಿಸಿ ಹೊರಗೆ ಬಂದೆ. ಕಿಕ್ಕು ಹೊಡೆಯಲು ಹೋದಾಗ ಬೇಡವೆಂದು ಕೈಯಾಡಿಸಿ, ತಾವೇ ಎರಡನೆಯ ಕಿಕ್ಕಿಗೆ ಚಾಲೂ ಮಾಡಿದರು. ನೀಲಿ ಹೊಗೆ ತುಳಸಿಕಟ್ಟೆಯವರೆಗೂ ಹರಡಿತು.

"ಹೊಗಿ ಭಾಳ ಐತಲ್ಲೋ" ಎಂದರು.

"ಇರಲಿ ಅಪ್ಪಾ" ಎಂದೆ.

ಅವರು ಅರ್ಧ ಆಕ್ಸಿಲೇಟರಿನಲ್ಲಿ ಹೊರಟರು. ಸದ್ದು ಕಾಲುವೆಯ ಸೇತುವೆ ದಾಟಿತು. ಅಲ್ಲಿ ಒಂದು ಗಳಿಗೆ ತಗ್ಗಿತು, ಮತ್ತೆ ಒಂದೇ ಏಟಿಗೆ ಮೇಲೇರಿತು. ಪೂರ್ತಿ ತಿರುವಿದ್ದರು. ಗೊರ ಗೊರ ಎಂಬ ಆ ತೊದಲು ಗದ್ದೆಗಳ ಮೇಲಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ಅದು ಕೇಳದಾಗುವವರೆಗೆ ಬಾಗಿಲಲ್ಲೇ ನಿಂತಿದ್ದೆ.